ಟವರ್ ಲೊಕೇಶನ್ ನಂಬಿ ರಾತ್ರಿಯಿಡೀ ಹೊಳೆ ಆಚೆ ಹುಡುಕಿದ್ವಿ, ದೊಡ್ಡಪ್ಪ ಈಚೆನೇ ಇದ್ರು

ತೋಟದಮನೆ:
ಹೋದ ಮಳೆಗಾಲದ್ದು, ತೀರ್ಥಹಳ್ಳಿ ಕಡೆ. ದೊಡ್ಡಪ್ಪಂಗೆ 71 ವರ್ಷ, ಮಧ್ಯಾಹ್ನ ಊಟ ಮಾಡಿ ದನ ಬಂದಿಲ್ಲ ಅಂತ ಗುಡ್ಡ ಹತ್ತಿದವ್ರು ಕತ್ತಲಾದ್ರೂ ಇಲ್ಲ. ಸಂಜೆ ಐದಕ್ಕೆ ಕಾಲ್ ಮಾಡಿದಾಗ ರಿಂಗ್ ಆಗಿದೆ, ಎತ್ತಿಲ್ಲ, ಆರು ಗಂಟೆ ಮೇಲೆ ಬರೀ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಸ್ಟೇಷನ್ನಿಗೆ ಓಡಿದ್ವಿ, ಅವ್ರು ಕಂಪನಿಗೆ ಬರೆದು ರಾತ್ರಿ ಹತ್ತೂವರೆಗೆ ಟವರ್ ಲೊಕೇಶನ್ ಅಂತ ತರಿಸಿದ್ರು, ನೋಡಿದ್ರೆ ಹೊಳೆ ಆಚೆ, ಕೊಪ್ಪ ಕಡೆ ಟವರ್. ಹದಿನೈದು ಜನ ಬ್ಯಾಟರಿ ಹಿಡ್ಕೊಂಡು ಸೇತುವೆ ಸುತ್ತಿ ಆಚೆ ಹೋಗಿ ಆ ಟವರ್ ಸುತ್ತಮುತ್ತ ಕಾಡೆಲ್ಲ ಕೂಗ್ತಾ ಅಲೆದಿದ್ದೇ ಅಲೆದಿದ್ದು. ಬೆಳಗ್ಗೆ ಆರಕ್ಕೆ ನಮ್ಮ ಕೆಲಸದವನೊಬ್ಬ ಸುಮ್ನೆ ನಮ್ಮ ಗುಡ್ಡದ ಹಿಂದೆ ಹೋಗಿ ನೋಡ್ತಾನೆ, ಹಳ್ಳದ ಪಕ್ಕ ಕಾಲು ಉಳುಕಿ ಕೂತಿದಾರೆ, ಮೈತುಂಬಾ ಉಂಬಳ. ಮನೆಯಿಂದ ಹೆಚ್ಚಂದ್ರೆ ಒಂದೂವರೆ ಕಿಲೋಮೀಟರ್ ಅಷ್ಟೇ.

ಈಗ ಆರಾಮಿದಾರೆ. ಆದ್ರೆ ನನ್ ತಲೆಲಿ ಒಂದೇ ಪ್ರಶ್ನೆ ಕೊರೀತಾ ಇದೆ, ಪಾರ್ಸೆಲ್ ತರೋ ಹುಡುಗನಿಗೆ ನಮ್ಮನೆ ಗೇಟ್ ತನಕ ಗೊತ್ತಾಗತ್ತೆ, ಸಿಮ್ ಕೊಟ್ಟ ಕಂಪನಿಗೆ ಮನುಷ್ಯ ಹೊಳೆಯ ಯಾವ ದಡದಲ್ಲಿದಾನೆ ಅಂತ ಗೊತ್ತಾಗಲ್ವಾ?

ಬಸ್ಯಾ_ಬೆಂಗ್ಳೂರು:
ಗೊತ್ತಾಗತ್ತೆ ಗುರು, ಹೇಳಲ್ಲ ಅಷ್ಟೇ. ಮಂತ್ರಿ ಮಗ ಕಳೆದೋಗಿದ್ರೆ ಹತ್ತು ನಿಮಿಷಕ್ಕೆ ಹುಡುಕ್ತಿದ್ರು. ಸಿಮ್ ಇದ್ದಷ್ಟು ಹೊತ್ತು ನೀನು ಎಲ್ಲಿ ನಿಂತಿದೀಯ ಎಲ್ಲಿ ಕೂತಿದೀಯ ಎಲ್ಲಾ ಅಲ್ಲಿ ಸ್ಕ್ರೀನ್ ಮೇಲೆ ಕೆಂಪು ಚುಕ್ಕೆ ಥರ ಓಡ್ತಾ ಇರತ್ತೆ.

ಸಿಗ್ನಲ್_ಸೀನ:
ಆ ಕೆಂಪು ಚುಕ್ಕೆ ಸಿನಿಮಾದಲ್ಲಿ ಮಾತ್ರ ಇರೋದು. ನಾನು ನೆಟ್‌ವರ್ಕ್ ಪ್ಲಾನಿಂಗಲ್ಲಿ 14 ವರ್ಷ ಮಣ್ಣು ಹೊತ್ತಿದೀನಿ, ಸ್ವಲ್ಪ ಉದ್ದ ಆಗತ್ತೆ, ತಾಳ್ಮೆ ಇದ್ರೆ ಓದಿ.

ಫೋನ್ ಸುಮ್ನೆ ಜೇಬಲ್ಲಿದ್ದಾಗ ಅದು ಯಾವ ಟವರ್ ಕೆಳಗಿದೆ ಅಂತ ನೆಟ್‌ವರ್ಕಿಗೆ ಗೊತ್ತೇ ಇರಲ್ಲ. ಗೊತ್ತಿರೋದು ಲೊಕೇಶನ್ ಏರಿಯಾ ಮಾತ್ರ, ಅಂದ್ರೆ ಹತ್ತಾರು ಟವರ್ ಸೇರಿಸಿ ಒಂದು ಗುಂಪು ಮಾಡಿರ್ತಾರೆ, 4ಜಿಲಿ ಇದಕ್ಕೆ ಟ್ರ್ಯಾಕಿಂಗ್ ಏರಿಯಾ ಅಂತಾರೆ. ಆ ಗುಂಪಿನ ಒಳಗೆ ಫೋನ್ ಒಂದು ಟವರ್ ಬಿಟ್ಟು ಇನ್ನೊಂದಕ್ಕೆ ಹಾರಿದ್ರೂ ಸೊಲ್ಲೆತ್ತಲ್ಲ, ಗುಂಪು ದಾಟಿದಾಗ, ಇಲ್ಲಾಂದ್ರೆ ತುಂಬಾ ಹೊತ್ತಿಗೊಮ್ಮೆ ಲೆಕ್ಕಕ್ಕೆ ಅಂತ, ಒಂದು ಮೆಸೇಜ್ ಕಳ್ಸತ್ತೆ, ನಾನೀಗ ಇಲ್ಲಿದೀನಿ ಅಂತ. ಕಾಲ್ ಬಂದಾಗ ಏನ್ಮಾಡ್ತಾರೆ ಅಂದ್ರೆ, ನೆಂಟ ಊರಿಗೆ ಬಂದಿದಾನೆ ಆದ್ರೆ ಯಾರ ಮನೇಲಿ ಉಳ್ಕೊಂಡಿದಾನೆ ಗೊತ್ತಿಲ್ಲ ಅಂದ್ರೆ ದೇವಸ್ಥಾನದ ಮೈಕಲ್ಲಿ ಕೂಗಿಸಲ್ವಾ, ಅದೇ. ಗುಂಪಿನ ಎಲ್ಲಾ ಟವರಿಂದಲೂ ಕೂಗಿಸ್ತಾರೆ, ಇದು ಪೇಜಿಂಗ್. ಫೋನ್ ಯಾವ ಟವರಿಗೆ ಓ ಅನ್ನತ್ತೋ ಆವಾಗ ಗೊತ್ತಾಗತ್ತೆ.

ಹಾಗಾದ್ರೆ ಪ್ರತಿ ಟವರಿಗೂ ವರದಿ ಒಪ್ಸು ಅನ್ಬೋದಲ್ಲ? ಅನ್ಬೋದು, ಆದ್ರೆ ಫೋನ್ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗತ್ತೆ, ಮಾತಿಗೆ ಬಳಸ್ಬೇಕಾದ ದಾರಿಯೆಲ್ಲ ಈ ವರದಿಗಳೇ ತುಂಬ್ಕೊಳತ್ತೆ. ಗುಂಪು ದೊಡ್ಡದು ಮಾಡಿದ್ರೆ ಒಂದು ಕಾಲಿಗೆ ನೂರು ಟವರ್ ಕೂಗ್ಬೇಕು. ನಮ್ಮ ಅರ್ಧ ಜೀವನ ಈ ಗೆರೆ ಎಲ್ಲಿ ಎಳೀಬೇಕು ಅನ್ನೋದ್ರಲ್ಲೇ ಹೋಯ್ತು. ರೈಲ್ವೆ ಲೈನ್ ಮೇಲೆ ಗೆರೆ ಬಂತಾ, ಒಂದು ರೈಲಿನ ಸಾವಿರ ಫೋನ್ ಒಂದೇ ಸಲ ಬಾಯಿ ಬಿಡ್ತವೆ.

ಗಡಿನಾಡವ:
ಸೀನಣ್ಣ ಹೇಳಿದ ಗೆರೆ ನಮ್ಮನೆ ಜಗಲಿ ಮೇಲೇ ಹಾದು ಹೋಗ್ತದೆ ಮಾರಾಯ್ರೆ 😀 ನಾವು ತಲಪಾಡಿ ಹತ್ರ. ಚಾವಡಿಲಿ ಕೂತ್ರೆ ಕರ್ನಾಟಕಕ್ಕೆ ಸ್ವಾಗತ, ಅಡುಗೆಮನೆಗೆ ಹೋದ್ರೆ ಕೇರಳಕ್ಕೆ ಸ್ವಾಗತ. ಒಂದೇ ದಿನ ಒಂಬತ್ತು ಮೆಸೇಜ್ ಬಂದದ್ದುಂಟು.

ಸಿಗ್ನಲ್_ಸೀನ:
ಅದೇ ಪಿಂಗ್‌ಪಾಂಗ್. ಫೋನ್ ಆಚೆ ಗುಂಪಿಗೆ ಹೋಗಿ ಹೆಸರು ಬರೆಸ್ದಾಗೆಲ್ಲ ಮೂಲ ರಿಜಿಸ್ಟರಲ್ಲಿ, ಅಂದ್ರೆ ಯಾವ ನಂಬರ್ ಈಗ ಯಾವ ಕಡೆ ಇದೆ ಅಂತ ಸಿಮ್ ಕಂಪನಿ ಬರೆದಿಡೋ ಪಟ್ಟೀಲಿ, ವಿಳಾಸ ಬದಲಾಗತ್ತೆ, ಆ ಬದಲಾವಣೆ ನೋಡ್ಕೊಂಡು ಮೆಸೇಜ್ ತಾನಾಗೇ ಹೋಗತ್ತೆ. ನೀವು ಕೂತಲ್ಲೇ ಕೂತಿರ್ತೀರ, ರಿಜಿಸ್ಟರ್ ಪ್ರಕಾರ ಒಂಬತ್ತು ಸಲ ರಾಜ್ಯ ದಾಟಿದೀರ.

ಬಸ್ಯಾ_ಬೆಂಗ್ಳೂರು:
ಸರಿ ಒಪ್ಕೋತೀನಿ, ಆದ್ರೆ ಇವರ ದೊಡ್ಡಪ್ಪಂಗೆ ಐದು ಗಂಟೆಗೆ ರಿಂಗ್ ಆಗಿದೆ. ಅಂದ್ರೆ ಓ ಅಂದಿದೆ. ಮತ್ಯಾಕೆ ಹೊಳೆ ಆಚೆ ತೋರಿಸ್ತು? ಸಿಕ್ಕಾಕೊಂಡ್ರಿ ನೋಡಿ.

ಸಿಗ್ನಲ್_ಸೀನ:
ಒಳ್ಳೆ ಪ್ರಶ್ನೆ. ಓ ಅಂದಿದ್ದು ಆಚೆ ಟವರಿಗೇ. ಮಲೆನಾಡಲ್ಲಿ ಹತ್ತಿರದ ಟವರ್ ಸಿಗತ್ತೆ ಅನ್ನೋ ರೂಲ್ ಇಲ್ಲ, ಕಣ್ಣಿಗೆ ಕಾಣೋ ಟವರ್ ಸಿಗತ್ತೆ. ಗುಡ್ಡದ ನೆತ್ತಿ ಮೇಲೆ ನಿಂತ್ರೆ ಕಣಿವೆ ಆಚೆ ಟವರ್ ನೇರ ಎದುರಿಗೆ, ನಿಮ್ಮೂರ ಟವರ್ ಗುಡ್ಡದ ಬೆನ್ನ ಹಿಂದೆ. ನೆತ್ತಿ ಮೇಲಿದ್ದಾಗ ರಿಂಗ್ ಆಯ್ತು, ಆಮೇಲೆ ಹಳ್ಳಕ್ಕೆ ಇಳಿದ್ರು, ಅಲ್ಲಿ ಯಾವ ಟವರೂ ಇಲ್ಲ. ಹಾಗಾಗಿ ಕಂಪನಿ ಹತ್ರ ಉಳಿದಿದ್ದು ಕೊನೇ ಓ ಮಾತ್ರ. ಅವ್ರು ಸುಳ್ಳು ಹೇಳ್ಲಿಲ್ಲ. ಆ ಟವರ್ ಜತೆ ಮಾತಾಡಿದ ಅಂದ್ರು, ನೀವು ಆ ಟವರ್ ಬುಡದಲ್ಲಿದಾನೆ ಅಂತ ಕೇಳಿಸ್ಕೊಂಡ್ರಿ. 2ಜಿಲಿ ಒಂದು ಟವರ್ 35 ಕಿಲೋಮೀಟರ್ ದೂರದ ಫೋನನ್ನೂ ಹಿಡ್ಕೋಬಹುದು, ಲೆಕ್ಕ ಹಾಕಿ.

ಪಾರ್ಸೆಲ್ ಹುಡುಗನ ವಿಷ್ಯ ಬೇರೆ. ಅಲ್ಲಿ ನಿಮ್ಮ ಸ್ಮಾರ್ಟ್‌ಫೋನ್ ಉಪಗ್ರಹ ನೋಡಿ ತಾನೇ ಲೆಕ್ಕ ಹಾಕಿ ಆಪ್‌ಗೆ ಹೇಳತ್ತೆ, ಕಂಪನಿಯ ಟವರ್ ದಾಖಲೆಗೂ ಅದಕ್ಕೂ ಸಂಬಂಧ ಇಲ್ಲ. ದೊಡ್ಡಪ್ಪಂದು ಕೀಪ್ಯಾಡ್ ಫೋನ್ ಇರ್ಬೇಕು?

ತೋಟದಮನೆ:
ಹೌದು ಕೀಪ್ಯಾಡೇ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿರೋದು. ನೆತ್ತಿ ಮೇಲೆ ಸಿಗ್ನಲ್ ಚೆನ್ನಾಗಿ ಬರತ್ತೆ ಅನ್ನೋದೂ ನಿಜ, ನಾವು ಹುಡುಗರು ಅಲ್ಲೇ ಹೋಗಿ ಕಾಲ್ ಮಾಡ್ತಿದ್ವಿ.

ವಕೀಲಮ್ಮ:
ಸೀನ ಅವರ ಮಾತು ಕೋರ್ಟಲ್ಲಿ ದಿನಾ ಬೇಕಾಗೋ ಮಾತು. ಟವರ್ ಲೊಕೇಶನ್ ಇದೆ ಸ್ವಾಮಿ, ಆರೋಪಿ ಅಲ್ಲೇ ಇದ್ದ ಅಂತ ಬರೆದಿರ್ತಾರೆ, ಅಲ್ಲೇ ಅಂದ್ರೆ ಎಲ್ಲಿ ಅಂತ ಪಾಟಿ ಸವಾಲಲ್ಲಿ ಕೇಳಿದ್ರೆ ಉತ್ತರ ಇರಲ್ಲ. ಹೊಳೆ ಯಾವ ದಡ ಅಂತ ಹೇಳಕ್ಕಾಗದ ದಾಖಲೆ ಒಬ್ಬನನ್ನ ಜೈಲಿಗೆ ಹಾಕಕ್ಕೆ ಸಾಕಾ? ಬೇರೆ ಸಾಕ್ಷಿ ಜತೆ ಸೇರ್ಕೊಂಡ್ರೆ ಬೆಲೆ, ಒಂಟಿಯಾಗಿ ಅಲ್ಲ.

ನಿರಾಮಯ_08:
ನೀವೆಲ್ಲ ಹೇಳೋದು ಕೇಳಿದ್ರೆ ಟವರ್ ಲೊಕೇಶನ್ ಕೆಲ್ಸಕ್ಕೆ ಬಾರದ್ದು, ಹೆದರ್ಕೋಬೇಡಿ ಅಂದ ಹಾಗಿದೆ, ಅಲ್ಲೇ ನನ್ ತಕರಾರು. ಒಂದು ರಾತ್ರಿ ಒಬ್ಬರನ್ನ ಹುಡುಕಕ್ಕೆ ಅದು ಒರಟು ನಿಜ, ಆರು ತಿಂಗಳು ಕೂಡಿಟ್ಟು ನೋಡಿ ಆಮೇಲೆ ಹೇಳಿ. ಜರ್ಮನಿಯ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಜ್ ಅನ್ನೋ ರಾಜಕಾರಣಿ ತನ್ನ ಫೋನ್ ಕಂಪನಿ ಮೇಲೆ ಕೇಸ್ ಹಾಕಿ 2009ರ ಆಗಸ್ಟಿಂದ ಆರು ತಿಂಗಳ ತನ್ನದೇ ದಾಖಲೆ ತಗೊಂಡ್ರು, 35,831 ಸಾಲು ಇತ್ತು. 2011ರಲ್ಲಿ ಝೈಟ್ ಪತ್ರಿಕೆಯವ್ರು ಅದನ್ನ ಮ್ಯಾಪ್ ಮೇಲೆ ಓಡಿಸಿ ತೋರಿಸಿದ್ರು, ಯಾವ ರೈಲು ಹತ್ತಿದ, ರಾತ್ರಿ ಎಲ್ಲಿ ಮಲಗಿದ, ಎಲ್ಲಾ. ಜಾಗ ತಿಳಿದಿದ್ದು ಟವರ್ ದಾಖಲೆಯಿಂದ, ಅದರ ಜತೆಗೆ ಅವ್ರೇ ಟ್ವಿಟರ್, ಬ್ಲಾಗಲ್ಲಿ ಬಹಿರಂಗವಾಗಿ ಬರೆದಿದ್ದನ್ನ ಸೇರಿಸಿದ್ರು ಅಷ್ಟೇ.

ನಮ್ಮಲ್ಲಿ 2021ರ ಡಿಸೆಂಬರಲ್ಲಿ ಸರ್ಕಾರ ಫೋನ್ ಕಂಪನಿಗಳ ಲೈಸೆನ್ಸ್ ಷರತ್ತು ಬದಲಾಯಿಸಿ ಈ ದಾಖಲೆ ಒಂದು ವರ್ಷದ ಬದ್ಲು ಕನಿಷ್ಠ ಎರಡು ವರ್ಷ ಇಟ್ಕೊಳ್ಳಿ ಅಂದಿದಾರೆ. ನಾವು ಯಾರೂ ಕೇಳ್ಲೇ ಇಲ್ಲ.

ಬಸ್ಯಾ_ಬೆಂಗ್ಳೂರು:
ನಾ ಹೇಳಿದ್ದೂ ಅದನ್ನೇ ಅಲ್ವಾ

ನಿರಾಮಯ_08:
ಅಲ್ಲ ಬಸಣ್ಣ, ನೀವು ಹೇಳಿದ್ದು ಅವ್ರಿಗೆ ಈಗ ಎಲ್ಲಾ ಗೊತ್ತು ಅಂತ. ನಾನು ಹೇಳ್ತಿರೋದು, ಈಗ ಸರಿಯಾಗಿ ಗೊತ್ತಿಲ್ಲ, ಆದ್ರೆ ಕೂಡಿಟ್ಟಿದಾರೆ. ಇನ್ನೊಂದು, ಕೇಳೋರು ಪೊಲೀಸರೇ ಆಗ್ಬೇಕಿಲ್ಲ. ಕಂಪನಿ ಕಂಪನಿ ನಡುವೆ ಮಾತಾಡಕ್ಕೆ ಎಸ್‌ಎಸ್7 ಅಂತ ಹಳೇ ಪದ್ಧತಿ ಇದೆ, 1970ರ ದಶಕದ್ದು, ಅವಾಗ ಬೆರಳೆಣಿಕೆ ಕಂಪನಿ, ಎಲ್ಲರೂ ಪರಿಚಯದವ್ರು ಅಂತ ಬಾಗಿಲಿಗೆ ಚಿಲಕನೇ ಇಟ್ಟಿಲ್ಲ. 2016ರಲ್ಲಿ ಬರ್ಲಿನ್ನಿನ ಕಾರ್ಸ್ಟನ್ ನೋಲ್ ತಂಡ ಅಮೆರಿಕದ ಸಂಸದ ಟೆಡ್ ಲ್ಯೂ ಅವರ ಒಪ್ಪಿಗೆ ತಗೊಂಡು, ಬರೀ ಅವರ ನಂಬರ್ ಇಟ್ಕೊಂಡು ಎಲ್ಲಿ ಓಡಾಡ್ತಿದಾರೆ ಅಂತ ಟಿವಿಲಿ ತೋರಿಸಿತ್ತು. ಫೋನಲ್ಲಿ ಲೊಕೇಶನ್ ಆಫ್ ಮಾಡಿದ್ರೂ ಇದಕ್ಕೆ ತಡೆ ಇಲ್ಲ, ಯಾಕಂದ್ರೆ ಫೋನನ್ನ ಕೇಳೋದೇ ಇಲ್ಲ, ರಿಜಿಸ್ಟರ್ ಕೇಳ್ತಾರೆ.

ಸಿಗ್ನಲ್_ಸೀನ:
ಇದು ನಿಜ, ವಾದ ಮಾಡಲ್ಲ. ಈಚೆಗೆ ಫೈರ್‌ವಾಲ್ ಅಂತ ತಡೆಗೋಡೆ ಹಾಕಿದಾರೆ, ಆದ್ರೆ ಎಲ್ಲಾ ದೇಶದ ಎಲ್ಲಾ ಕಂಪನಿ ಹಾಕಿದಾವೆ ಅಂತ ನಾನಂತೂ ಆಣೆ ಮಾಡಲ್ಲ.

ವಕೀಲಮ್ಮ:
ಕಾನೂನು ಏನೂ ಇಲ್ಲ ಅಂತಲ್ಲ. 2013ರಲ್ಲಿ ಅರುಣ್ ಜೇಟ್ಲಿ ಅವರ ಕಾಲ್ ದಾಖಲೆ ಅಕ್ರಮವಾಗಿ ತೆಗೆಯಕ್ಕೆ ಹೋಗಿ ದೆಹಲಿಯ ಕಾನ್‌ಸ್ಟೇಬಲ್ ಒಬ್ಬ ಸಿಕ್ಕಿಬಿದ್ದ, ಆಮೇಲೆ ಎಸ್‌ಪಿ ದರ್ಜೆ ಮೇಲಿನವ್ರೇ ಕೇಳ್ಬೇಕು ಅಂತ ಬಿಗಿ ಮಾಡಿದ್ರು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳ್ತಲ್ಲ, ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವ್ರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2024ರ ಜುಲೈನಲ್ಲಿ ಫ್ರಾಂಕ್ ವಿಟಸ್ ಕೇಸಲ್ಲಿ, ಜಾಮೀನು ಸಿಕ್ಕವನು ಗೂಗಲ್ ಮ್ಯಾಪಲ್ಲಿ ಪಿನ್ ಹಾಕಿ ತಾನೆಲ್ಲಿದೀನಿ ಅಂತ ತನಿಖಾಧಿಕಾರಿಗೆ ತೋರಿಸ್ತಾ ಇರ್ಬೇಕು ಅನ್ನೋ ಷರತ್ತು ನಡೆಯಲ್ಲ ಅಂದ್ರು. ಅಮೆರಿಕದಲ್ಲಿ 2018ರ ಕಾರ್ಪೆಂಟರ್ ತೀರ್ಪು, 127 ದಿನದ ಟವರ್ ದಾಖಲೆ ವಾರಂಟ್ ಇಲ್ದೆ ತಗೊಂಡಿದ್ರು, ತಪ್ಪು ಅಂತ 5-4ರಲ್ಲಿ ಆಯ್ತು. ನಮ್ಮಲ್ಲಿ ಹಾಗೆ ಜಡ್ಜ್ ಮುಂದೆ ಹೋಗೋ ಪದ್ಧತಿ ಇಲ್ಲ, ಅಧಿಕಾರಿ ಬರೆದ್ರೆ ಕಂಪನಿ ಕೊಡತ್ತೆ, ಅಲ್ಲೇ ನನಗೂ ಕಿರಿಕಿರಿ.

ಗಡಿನಾಡವ:
ಅಲ್ಲ ಅಕ್ಕ, ಅಜ್ಜ ಕಾಡಲ್ಲಿ ಬಿದ್ದಿರುವಾಗ ಜಡ್ಜ್ ಹತ್ರ ಹೋಗಿ ಅಂದ್ರೆ ಹೇಗೆ? ಇವ್ರಿಗೆ ಸಿಕ್ಕಿದ್ದೇ ರಾತ್ರಿ ಹತ್ತೂವರೆಗೆ. ಇನ್ನೂ ಬಿಗಿ ಮಾಡಿದ್ರೆ ಬೆಳಗ್ಗೆ ಹತ್ತೂವರೆಗೆ ಬಂದೀತು.

ವಕೀಲಮ್ಮ:
ಪ್ರಾಣಾಪಾಯಕ್ಕೆ ವಿನಾಯ್ತಿ ಇಡ್ಲಿ, ಯಾರು ಬೇಡ ಅಂದ್ರು. ಕಾರ್ಪೆಂಟರ್ ತೀರ್ಪಲ್ಲೂ ತುರ್ತಿಗೆ ಬಾಗಿಲು ತೆಗೆದೇ ಇಟ್ಟಿದಾರೆ. ಅಜ್ಜನ್ನ ಹುಡುಕಕ್ಕೆ ಬೇಕಿರೋದು ಈ ಒಂದು ಗಂಟೆದು, ನಿರಾಮಯ ಹೇಳ್ತಿರೋದು ಎರಡು ವರ್ಷದ್ದು, ಎರಡನ್ನೂ ಒಂದೇ ಗೋಣೀಲಿ ಕಟ್ಬೇಡಿ.

ಸಿಗ್ನಲ್_ಸೀನ:
ತೋಟದಮನೆಯವ್ರೇ, ಒಂದು ಕೇಳೋದು ಮರೆತೆ. ಆ ರಾತ್ರಿ ಕಂಪನಿಯವ್ರು ಟವರ್ ಹೆಸರಿನ ಜತೆ ದೂರ ಏನಾದ್ರೂ ಹೇಳಿದ್ರಾ? 2ಜಿಲಿ ಟೈಮಿಂಗ್ ಅಡ್ವಾನ್ಸ್ ಅಂತ ಒಂದು ಅಂಕಿ ಇರತ್ತೆ, ಫೋನ್ ದೂರ ಇದ್ದಷ್ಟೂ ಅದರ ಸಿಗ್ನಲ್ ತಡವಾಗಿ ತಲುಪತ್ತಲ್ಲ, ಅದಕ್ಕೆ ನೀನು ಇಷ್ಟು ಮುಂಚೆ ಕಳ್ಸು ಅಂತ ಟವರ್ರೇ ಫೋನಿಗೆ ಹೇಳತ್ತೆ. 0ಯಿಂದ 63ರ ತನಕ, ಒಂದೊಂದು ಹೆಜ್ಜೆ ಸುಮಾರು 550 ಮೀಟರ್. ದಿಕ್ಕು ಸರಿಯಾಗಿ ತಿಳಿಯಲ್ಲ, ದೂರ ತಿಳಿಯತ್ತೆ. ಬಿಲ್ಲಿನ ದಾಖಲೆಲಿ ಇದನ್ನ ಹುಡುಕ್ಬೇಡಿ, ನೆಟ್‌ವರ್ಕ್ ಕಡೆ ಎಂಜಿನಿಯರನ್ನ ಎಬ್ಬಿಸಿ ಕೇಳ್ಬೇಕು. ಮತ್ತೆ ಟವರಿಗೆ ಸಾಮಾನ್ಯ ಬೇರೆ ಬೇರೆ ದಿಕ್ಕಿಗೆ ಮೂರು ಮುಖ, ಯಾವ ಮುಖಕ್ಕೆ ಓ ಅಂದಿದ್ದು ಅನ್ನೋದೂ ಇರತ್ತೆ, ಅದಂತೂ ಬಿಲ್ಲಿನ ದಾಖಲೆಲೇ ಇರತ್ತೆ.

ತೋಟದಮನೆ:
ಇಲ್ಲ, ಬರೀ ಟವರ್ ಇರೋ ಊರಿನ ಹೆಸರು ಒಂದೇ ಬಂದಿದ್ದು. ದೂರ, ಮುಖ ಅಂತೆಲ್ಲ ಕೇಳ್ಬೇಕು ಅಂತ ನಮಗೂ ಗೊತ್ತಿಲ್ಲ, ಅವ್ರಿಗೂ ಹೊಳೀಲಿಲ್ಲ.

ಈಗ ಮ್ಯಾಪ್ ತೆಗೆದು ಅಳತೆ ಹಾಕ್ದೆ. ನಮ್ಮ ಗುಡ್ಡದ ನೆತ್ತಿಯಿಂದ ಆ ಟವರಿಗೆ ಗಾಳಿಗೆರೆಯಲ್ಲಿ 6.8 ಕಿಲೋಮೀಟರ್. ನಾವು ರಾತ್ರಿಯಿಡೀ ಟವರ್ ಸುತ್ತ ಎರಡು ಕಿಲೋಮೀಟರ್ ದಾಟಿಲ್ಲ.

ಸಿಗ್ನಲ್_ಸೀನ:
ಅಂದ್ರೆ ಆ ಟೈಮಿಂಗ್ ಅಡ್ವಾನ್ಸ್ ಅಂಕಿ 12.