ಕ್ಷಯದ ಹೊಸ ಔಷಧಕ್ಕಾಗಿ ಸ್ಕ್ರೀನಿಂಗ್: ಸ್ಮೆಗ್ಮ್ಯಾಟಿಸ್ ಒಂದೇ ಸಾಕೇ?

ಪ್ರಶ್ನೆ: ಪಿಎಚ್.ಡಿ. ಮೊದಲ ವರ್ಷದಲ್ಲಿದ್ದೇನೆ. ನಮ್ಮ ರಸಾಯನಶಾಸ್ತ್ರ ವಿಭಾಗದವರು ತಯಾರಿಸಿದ ಸಂಯುಕ್ತಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥವು ಯಾವುವೆಂದು ಹುಡುಕಬೇಕು. ಇಲ್ಲಿ ಅಪಾಯಕಾರಿ ರೋಗಾಣುಗಳನ್ನು ನಿಭಾಯಿಸುವ ಬಿಎಸ್‌ಎಲ್-3 (ಜೈವಿಕ ಸುರಕ್ಷತೆಯ ಮೂರನೇ ಹಂತ) ಪ್ರಯೋಗಾಲಯವಿಲ್ಲ. ಕ್ಷಯದ ಬ್ಯಾಕ್ಟೀರಿಯಾದ ಅಷ್ಟು ಅಪಾಯವಿಲ್ಲದ ಸಂಬಂಧಿ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್ ಮೇಲೆ ಪರೀಕ್ಷಿಸಿದರೆ ಸಾಕೇ? ಅನುಭವವಿದ್ದವರು ತಿಳಿಸಿ.

ಉತ್ತರ: ಧೈರ್ಯವಾಗಿ ಆರಂಭಿಸಿ. ಕ್ಷಯದ ಔಷಧ ಬೆಡಾಕ್ವಿಲಿನ್ ಸಿಕ್ಕಿದ್ದೇ ಸ್ಮೆಗ್ಮ್ಯಾಟಿಸ್ ಮೇಲೆ ನಡೆದ ಹುಡುಕಾಟದಲ್ಲಿ. ಅದು ಬ್ಯಾಕ್ಟೀರಿಯಾಕ್ಕೆ ಶಕ್ತಿ ಒದಗಿಸುವ ಎಟಿಪಿ ಸಿಂಥೇಸ್ ಕಿಣ್ವವನ್ನು ತಡೆಯುತ್ತದೆಂದು ತಿಳಿದದ್ದು ಆಮೇಲೆ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಜೀನೋಮ್ ಓದಿದಾಗ. 2005ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. 2012ರ ಡಿಸೆಂಬರ್‌ನಲ್ಲಿ ಅಮೆರಿಕ ಔಷಧಕ್ಕೆ ಅನುಮತಿ ನೀಡಿತು. ಆದರೆ ಅಲ್ಲಿಗೇ ನಿಲ್ಲಬೇಡಿ. ಸ್ಮೆಗ್ಮ್ಯಾಟಿಸ್ ಸುಮಾರು ಮೂರು ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ, ಕ್ಷಯದ್ದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಮೊದಲನೆಯದರ ಮೇಲೆ ಏನೂ ಮಾಡದ ಎಷ್ಟೋ ಸಂಯುಕ್ತಗಳು ಎರಡನೆಯದನ್ನು ಕೊಲ್ಲುತ್ತವೆ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಒಪ್ಪಿದರೆ, ರೋಗಕಾರಕ ಶಕ್ತಿ ಕಳೆದುಕೊಂಡ ಎಚ್37ಆರ್‌ಎ ತಳಿಯನ್ನೂ ಜೊತೆಗಿಟ್ಟುಕೊಳ್ಳಿ.

ಬ್ಯಾಕ್ಟೀರಿಯಾ ಬದುಕಿದೆಯೇ ಎಂದು ನೋಡಲು ರೆಸಾಜುರಿನ್ ಎಂಬ ನೀಲಿ ಬಣ್ಣದ್ರವ್ಯದ ವಿಧಾನ ಅಗ್ಗ. ಜೀವವಿದ್ದ ಕಡೆ ನೀಲಿ ಗುಲಾಬಿಯಾಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ವಾರವಿಡೀ 37 ಡಿಗ್ರಿಯಲ್ಲಿಟ್ಟ 96 ಕುಳಿಗಳ ಪ್ಲೇಟಿನಲ್ಲಿ ಅಂಚಿನ ಸಾಲು ಆರತೊಡಗುತ್ತದೆ. ಅಲ್ಲಿ ಸಂಯುಕ್ತ ಹಾಕದೆ ಸ್ಟೆರೈಲ್ ನೀರು ತುಂಬಿಸಿ. ಸ್ವತಃ ಬಣ್ಣವಿರುವ ಸಂಯುಕ್ತಗಳ ಮಟ್ಟಿಗೆ ಕಣ್ಣನ್ನು ನಂಬಬೇಡಿ, ಅಗಾರ್ ಮೇಲೆ ಹರಡಿ ಕಾಲೊನಿ ಎಣಿಸಿ. ಹೋಲಿಕೆಗಾಗಿ ಪ್ರತಿ ಪ್ಲೇಟಿನಲ್ಲೂ ಕ್ಷಯದ ಹಳೆಯ ಔಷಧ ರಿಫಾಂಪಿಸಿನ್ ಇರಲೇಬೇಕು.

ನಾನು ಒತ್ತಿ ಹೇಳಬೇಕಾದದ್ದು ಗ್ಲಿಸರಾಲ್ ಬಗ್ಗೆ. ನಾವೆಲ್ಲ ಯೋಚಿಸದೆ ಬ್ಯಾಕ್ಟೀರಿಯಾ ಬೆಳೆಸುವ 7ಎಚ್9 ಮೀಡಿಯಂಗೆ (ಪೋಷಕ ದ್ರಾವಣಕ್ಕೆ) ಅದನ್ನು ಸುರಿಯುತ್ತೇವೆ. 2010ರಲ್ಲಿ ಪ್ರಕಟವಾದ ಪಿರಿಮಿಡಿನ್-ಇಮಿಡಜೋಲ್‌ಗಳ ಕಥೆ ಓದಿ: ಪ್ಲೇಟಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿದ ಸಂಯುಕ್ತಗಳು ಸೋಂಕಿತ ಇಲಿಗಳಲ್ಲಿ ಏನನ್ನೂ ಮಾಡಲಿಲ್ಲ. ಬ್ಯಾಕ್ಟೀರಿಯಾ ಗ್ಲಿಸರಾಲ್ ಬಳಸುತ್ತಿದ್ದರೆ ಮಾತ್ರ ಅವು ಕೊಲ್ಲುತ್ತಿದ್ದವು, ಇಲಿಯ ಶ್ವಾಸಕೋಶದಲ್ಲಿ ಅದರ ಆಹಾರವೇ ಬೇರೆ. ಅಷ್ಟೊಂದು ರಸಾಯನಶಾಸ್ತ್ರಜ್ಞರ ಶ್ರಮ ಹಾಗೆ ವ್ಯರ್ಥವಾಗಬಾರದು. ಆದ್ದರಿಂದ ಗೆದ್ದ ಸಂಯುಕ್ತಗಳನ್ನು ಗ್ಲಿಸರಾಲ್ ಇಲ್ಲದ, ಅಸಿಟೇಟ್ ಅಥವಾ ಕೊಲೆಸ್ಟರಾಲ್ ಇರುವ ಮೀಡಿಯಂನಲ್ಲಿ ಮತ್ತೆ ಪರೀಕ್ಷಿಸಿ. ಆಮೇಲೆಯೇ ವಿಭಾಗದವರಿಗೆ ಸಿಹಿಸುದ್ದಿ ಕೊಡಿ.

ಮತ್ತೊಬ್ಬರ ಉತ್ತರ: ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಕ್ಷಯದ ಔಷಧ ಪೈರಜಿನಮೈಡ್ ಕೂಡ ತಟಸ್ಥ ಪಿಎಚ್‌ನಲ್ಲಿ ಸುಮ್ಮನಿರುತ್ತದೆ, ಆಮ್ಲೀಯ ಮೀಡಿಯಂನಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ. ಮುಂದೆ ಬಿಎಸ್‌ಎಲ್-3 ಇರುವ ಕಡೆಯವರ ಸಹಯೋಗ ಸಿಕ್ಕರೆ ಮ್ಯಾಕ್ರೋಫೇಜ್ (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶ) ಒಳಗಿನ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿ. ಕ್ಷಯದ ವಿರುದ್ಧದ ಸಂಯುಕ್ತ ಕ್ಯೂ203 ಹಾಗೆಯೇ ಸಿಕ್ಕಿದ್ದು, ಕೊರಿಯಾದ ಪಾಶ್ಚರ್ ಸಂಸ್ಥೆಯಲ್ಲಿ. ಒಂದು ಎಚ್ಚರಿಕೆ: ವಿಷಕಾರಿ ಸಂಯುಕ್ತ ಮ್ಯಾಕ್ರೋಫೇಜನ್ನೇ ಕೊಂದರೆ, ಒಳಗಿನ ಬ್ಯಾಕ್ಟೀರಿಯಾ ತೊಳೆದುಹೋಗಿ ಔಷಧ ಫಲಿಸಿದಂತೆ ಕಾಣುತ್ತದೆ. ಸೂಕ್ಷ್ಮದರ್ಶಕದ ಅದೇ ಚಿತ್ರದಲ್ಲಿ ಮ್ಯಾಕ್ರೋಫೇಜ್‌ಗಳನ್ನೂ ಎಣಿಸಿ, ಅವುಗಳ ಸಂಖ್ಯೆ ಕುಸಿದಿದ್ದರೆ ಆ ಸಂಯುಕ್ತವನ್ನು ಬದಿಗಿಡಿ.