ಮರು: ‘ಇಂಟರ್ವೆನ್ಷನ್’ಗೆ ಪದ ಬೇಕು, ಶುಕ್ರವಾರ ಪುಟ ಅಚ್ಚಿಗೆ ಹೋಗುತ್ತದೆ

> ‘ಹಸ್ತಕ್ಷೇಪ’ ನಿಘಂಟಲ್ಲೇ ಇದೆ. ಇದರಲ್ಲಿ ಚರ್ಚೆ ಏನು?

ಇದೆ ಸರ್. ಇಲ್ಲಿ ‘ಇಂಟರ್ವೆನ್ಷನ್’ ಅಂದರೆ ಜನರ ವರ್ತನೆ ಬದಲಿಸಲು ಮಾಡುವ ಪ್ರಯತ್ನ. ಆದರೆ ‘ತನಿಖೆಯಲ್ಲಿ ರಾಜಕಾರಣಿಗಳ ಹಸ್ತಕ್ಷೇಪ’ ಅಂತ ದಿನಾ ಪೇಪರಿನಲ್ಲಿ ಓದುವವರು, ನರ್ಸಮ್ಮ ಪಕ್ಕದಲ್ಲಿ ಕೂತು ಬೀಡಿ ಬಿಡುವ ಮಾತಾಡಿದ್ದಕ್ಕೂ ಅದೇ ಪದ ಕಂಡರೆ ಏನಂದುಕೊಳ್ಳಬೇಕು?

ಸಂದರ್ಭ ಹೇಳಿಬಿಡುತ್ತೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮನಶ್ಶಾಸ್ತ್ರಜ್ಞೆ ಸೂಸನ್ ಮಿಕಿ ಅವರ ತಂಡ ಕಂಪ್ಯೂಟರ್ ಕಂಪನಿ ಐಬಿಎಂ ಜೊತೆ ಸೇರಿ ಮಾಡಿದ ಕೆಲಸದ ಬಗ್ಗೆ ಲೇಖನ. ಸಿಗರೇಟು ಬಿಡಿಸುವ ಪ್ರಯೋಗಗಳ ವರದಿಗಳನ್ನು ಕಂಪ್ಯೂಟರಿಗೆ ಓದಿಸಿದರು. ಯಾರಿಗೆ, ಎಲ್ಲಿ, ಏನು ಮಾಡಿದರು, ಎಷ್ಟು ಜನ ಬಿಟ್ಟರು ಅಂತ ಅದು ಹೆಕ್ಕಿ ಕೊಡಬೇಕಿತ್ತು. ತೊಡಕು ಏನೆಂದರೆ, ಒಬ್ಬರು ‘ಸಲಹೆ’ ಅಂದದ್ದನ್ನೇ ಇನ್ನೊಬ್ಬರು ‘ಬೆಂಬಲ’ ಅಂತ ಬರೆದಿರುತ್ತಾರೆ. ಇಂಥ ಗೊಂದಲ ಬೇಡ ಅಂತಲೇ ಮಿಕಿ ಮತ್ತು ಜೊತೆಗಾರರು 2013ರಲ್ಲಿ, ವರ್ತನೆ ಬದಲಿಸುವ 93 ಉಪಾಯಗಳಿಗೆ ಒಂದೊಂದು ಹೆಸರು, ಒಂದೊಂದು ವಿವರಣೆ ಕೊಟ್ಟು ಪಟ್ಟಿ ಮಾಡಿದ್ದರು. ಅಂಥ ಕೆಲಸವನ್ನು ಕನ್ನಡಕ್ಕೆ ತರುವಾಗ ಕೈಗೆ ಸಿಕ್ಕ ಪದ ಹಾಕಲಾಗದು, ಅಲ್ವಾ?

ಆ ಪಟ್ಟಿಯ ಒಂದು ಉಪಾಯಕ್ಕೆ ‘ಸ್ವಯಂ ಮೇಲ್ವಿಚಾರಣೆ’ ಅಂತ ಇಲ್ಲೇ ಯಾರೋ ಸೂಚಿಸಿದ್ದರು. ನಮ್ಮಪ್ಪ ಒಂದೊಂದು ಬೀಡಿ ಸೇದಿದಾಗಲೂ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ, ಪೆನ್ಸಿಲ್ಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ಅದೇ ಈ ಉಪಾಯ. ನಾನು ಅದಕ್ಕೆ ‘ತಾನೇ ಲೆಕ್ಕ ಇಡುವುದು’ ಅಂತ ಹಾಕಿದ್ದೇನೆ. ಬದಲಾಯಿಸುವುದಿಲ್ಲ.

> ‘ಬಿಹೇವಿಯರ್’ಗೆ ನೀವು ಹಾಕಿದ ‘ವರ್ತನೆ’ ಸಂಸ್ಕೃತ. ‘ನಡೆ’ಯಿಂದ ಬಂದ ‘ನಡವಳಿ’ ಇರುವಾಗ ಸಾಲ ಯಾಕೆ?

ಯಾವುದಾದರೂ ಸರ್ಕಾರಿ ಆದೇಶ ತೆಗೆದು ನೋಡಿ. ‘ಕರ್ನಾಟಕ ಸರ್ಕಾರದ ನಡವಳಿಗಳು’ ಅಂತ ಮೇಲೇ ಇರುತ್ತದೆ. ಆ ಪದ ಆಗಲೇ ಬೇರೆ ಕೆಲಸಕ್ಕೆ ಸೇರಿದೆ. ‘ನಡತೆ’ ಅಂದರೆ ‘ನಡತೆ ಸರಿ ಇಲ್ಲ’ ಅನ್ನುವುದೇ ಕಿವಿಗೆ ಬರುತ್ತದೆ. ಸೇದುವವನನ್ನು ಮೊದಲೇ ಕಟಕಟೆಗೆ ಹತ್ತಿಸಿದ ಹಾಗೆ. ‘ರೂಢಿ’ ನನಗೆ ಹಿಡಿಸಿದೆ. ಅದೂ ಸಂಸ್ಕೃತವೇ, ಗೊತ್ತು. ಆದರೆ ‘ರೂಢಿ ಆಗ್ಬಿಟ್ಟಿದೆ ಕಣೋ’ ಅನ್ನದ ಮನೆ ಯಾವುದಿದೆ? ಒಂದೇ ಸಲ ಲಸಿಕೆ ಹಾಕಿಸಿಕೊಳ್ಳುವುದನ್ನು ಮಾತ್ರ ರೂಢಿ ಅನ್ನಲಾಗದು. ಅಂಥ ಕಡೆ ‘ವರ್ತನೆ’ ಇರಲಿ.

ಉಳಿದದ್ದು ‘ಇಂಟರ್ವೆನ್ಷನ್’. ‘ಉಪಾಯ’ವನ್ನು ಆಗಲೇ ಖರ್ಚು ಮಾಡಿದ್ದೇನೆ. ಹಲವು ಉಪಾಯ ಸೇರಿ ಒಂದು ಇಂಟರ್ವೆನ್ಷನ್ ಆಗುತ್ತದೆ, ಹಾಗಾಗಿ ಎರಡಕ್ಕೂ ಒಂದೇ ಪದ ನಡೆಯದು. ‘ನೆರವು’ ಚೆನ್ನಾಗಿದೆ. ಆದರೆ ಪೊಟ್ಟಣದ ಮೇಲಿನ ಆ ಭಯಂಕರ ಚಿತ್ರವನ್ನು, ಏರಿದ ತೆರಿಗೆಯನ್ನು ನೆರವು ಅಂತ ಯಾರು ಕರೀತಾರೆ? ‘ಕ್ರಮ’ ಅಂದರೆ ‘ಶಿಸ್ತು ಕ್ರಮ’.

ಬಸ್ಸು, ಟಿಕೆಟ್ಟಿನ ಹಾಗೆ ‘ಇಂಟರ್ವೆನ್ಷನ್’ ನಾಲಿಗೆಗೆ ಒಗ್ಗಿಲ್ಲ. ಅದಕ್ಕೇ ಇಷ್ಟು ಬೇಡಿಕೊಳ್ಳುತ್ತಿರುವುದು. ಗುರುವಾರ ರಾತ್ರಿ ಹತ್ತರವರೆಗೆ ಕಾಯುತ್ತೇನೆ. ಸುಮ್ನೆ ಧಾತು ಬಿಡಿಸಿ ಕಳಿಸಬೇಡಿ. ಪದವನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.