ಸ್ಕೂಲ್ ಕೌನ್ಸೆಲರ್ ಹತ್ತಿರ ಮಗಳು ಹೇಳಿದ್ದನ್ನು ನಮಗೂ ಹೇಳುತ್ತಾರಾ?

ನಿದ್ದೆಗೆಟ್ಟ ಅಮ್ಮ:
ಮಗಳಿಗೆ 13 ವರ್ಷ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ರಜೆ ಇದ್ದ ದಿನ ಮಾತ್ರ ಇಲ್ಲ! ಡಾಕ್ಟರ್ ಪರೀಕ್ಷೆ ಮಾಡಿ ಏನೂ ತೊಂದರೆ ಕಾಣಲಿಲ್ಲ ಅಂದರು. ಈಗ ಕ್ಲಾಸ್ ಟೀಚರ್ ಕೌನ್ಸೆಲರ್ ಹತ್ತಿರ ಕಳಿಸೋಣ ಎನ್ನುತ್ತಿದ್ದಾರೆ. ಮನೆಯಲ್ಲಿ ಅದಕ್ಕೇ ದೊಡ್ಡ ಗಲಾಟೆ. "ಅವಳಿಗೇನು ತಲೆ ಕೆಟ್ಟಿದೆಯಾ" ಅಂತ ಇವರು. ನನ್ನ ಪ್ರಶ್ನೆ ಬೇರೆ. ಅವಳು ಅಲ್ಲಿ ಹೇಳಿದ್ದು ನನಗೆ ಗೊತ್ತಾಗುತ್ತದಾ? ಇಲ್ಲ ಟೀಚರ್‌ಗಳಿಗೆಲ್ಲ ಗೊತ್ತಾಗುತ್ತದಾ? ಸುಮ್ನೆ ಬುದ್ಧಿ ಹೇಳಿ ಕಳಿಸುವುದಾದರೆ ಅದನ್ನು ನಾವೇ ಬೇಕಾದಷ್ಟು ಮಾಡಿದ್ದೇವೆ.

ಮೂಲೆ ಕೋಣೆ:
11 ವರ್ಷದಿಂದ ಇದೇ ಕೆಲಸ ನನ್ನದು. (ನಮಗೆ ಯಾವಾಗಲೂ ಸಿಗುವುದು ಸ್ಟೋರ್ ರೂಮ್ ಪಕ್ಕದ ಕೋಣೆ, ಅದಕ್ಕೇ ಈ ಹೆಸರು.) ಬುದ್ಧಿ ಹೇಳುವುದು ನಮ್ಮ ಕೆಲಸ ಅಲ್ಲ. ಮಗು ಹೇಳಿದ್ದನ್ನೆಲ್ಲ ತಂದು ನಿಮಗೆ ಒಪ್ಪಿಸುವುದೂ ಅಲ್ಲ. ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆ, ಬೇರೆಯವರಿಗೆ ಅಪಾಯ, ಅಥವಾ ಯಾರಾದರೂ ಮಗುವಿಗೆ ಕಿರುಕುಳ ಕೊಡುತ್ತಿರುವುದು, ಇಂಥದ್ದು ಬಂದರೆ ಮಾತ್ರ ಗುಟ್ಟಾಗಿ ಇಡುವ ಹಾಗಿಲ್ಲ. ಇದನ್ನು ಮೊದಲ ದಿನವೇ ಮಗುವಿಗೂ ಹೇಳಿರುತ್ತೇವೆ. ಮಿಕ್ಕಿದ್ದರಲ್ಲಿ ಅಮ್ಮನಿಗೆ ಏನು ಹೇಳಬಹುದು ಅಂತ ಅವಳನ್ನೇ ಕೇಳುತ್ತೇವೆ.

ಆ ನೋವು ನಾಟಕ ಅಂದುಕೊಳ್ಳಬೇಡಿ. ಭಯಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಹಾಗಂತ ದಿನಗಟ್ಟಲೆ ಮನೆಯಲ್ಲಿ ಉಳಿಸಿಕೊಂಡರೂ ಕಷ್ಟ, ತಪ್ಪಿಸಿಕೊಂಡಷ್ಟೂ ಶಾಲೆ ಇನ್ನೂ ದೊಡ್ಡ ಭೂತವಾಗಿ ಕಾಣುತ್ತದೆ. ಎಲ್ಲಿ ಚುಚ್ಚುತ್ತಿದೆ ಅಂತ ಮೊದಲು ಹುಡುಕಬೇಕು. ಓದು ಕಷ್ಟವಾ, ಯಾರಾದರೂ ರೇಗಿಸುತ್ತಾರಾ, ಒಬ್ಬ ಟೀಚರ್ ಕಂಡರೆ ಹೆದರಿಕೆಯಾ, ಮನೆಯಲ್ಲಿ ಜಗಳವಾ. ನಿಮ್ಮನ್ನು ಕರೆಸುವುದೂ ಅದಕ್ಕೇ. ಇದು ಯಾವಾಗ ಶುರುವಾಯಿತು, ನಿದ್ದೆ ಊಟ ಹೇಗಿದೆ ಅನ್ನುವುದು ನಿಮಗೇ ಗೊತ್ತಿರುತ್ತದೆ ಅಲ್ವಾ. ಆಮೇಲೆ ನಿಜ ಹೇಳಬೇಕೆಂದರೆ ಕೆಲಸ ಜಾಸ್ತಿ ಇರುವುದು ದೊಡ್ಡವರ ಜೊತೆ. ಅವಳ ಜಾಗ ಬದಲಿಸಿ, ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ, ಮೊದಲ ವಾರ ಎರಡೇ ಪೀರಿಯಡ್ ಕೂರಲಿ ಅಂತ ಟೀಚರ್‌ಗಳನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಔಷಧಿ ನಾವು ಕೊಡುವುದಿಲ್ಲ. ಕೈ ಮೀರಿದರೆ ಮಕ್ಕಳ ಮನೋವೈದ್ಯರ ಹತ್ತಿರ ಕಳಿಸುತ್ತೇವೆ.

ಸುಟ್ಟ ಕೈ:
ಎಲ್ಲ ಕಡೆ ಇಷ್ಟು ಚೆನ್ನಾಗಿರುವುದಿಲ್ಲ. ನನ್ನ ಮಗ ಹೇಳಿದ್ದು ಮಾರನೇ ದಿನ ಸ್ಟಾಫ್ ರೂಮಿನಲ್ಲಿತ್ತು. ಆಮೇಲೆ ಒಂದು ವರ್ಷ ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬರೆದಿಟ್ಟದ್ದನ್ನು ಯಾರು ನೋಡುತ್ತಾರೆ ಅಂತ ಮೊದಲೇ ಕೇಳಿ. ಪಾಠ ಮಾಡುವುದೂ ಆ ಕೌನ್ಸೆಲರೇನಾ ಅಂತಲೂ ಕೇಳಿ, ಮಾರ್ಕ್ಸ್ ಕೊಡುವವರ ಮುಂದೆ ಮಗು ಏನು ತಾನೇ ಹೇಳೀತು? ಅಮೆರಿಕದ ಸ್ಕೂಲ್ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ಮಗನ ಶಾಲೆಯಲ್ಲಿ ಎಲ್ಲರಿಗೂ ಸೇರಿ ಒಬ್ಬರೇ, ಅವರ ತಲೆಗೇ ಟೈಮ್‌ಟೇಬಲ್ ಕೆಲಸ ಬೇರೆ ಕಟ್ಟಿದ್ದರು.

ನಿದ್ದೆಗೆಟ್ಟ ಅಮ್ಮ:
ಇಬ್ಬರಿಗೂ ಥ್ಯಾಂಕ್ಸ್. ಗುರುವಾರ ಹೋಗುತ್ತಿದ್ದೇವೆ, ಇವರೂ ಗೊಣಗುತ್ತಲೇ ಒಪ್ಪಿದ್ದಾರೆ. ಮಗಳಿಗೆ ಈಗಲೇ ಹೇಳಲಾ, ಅಥವಾ ಅವತ್ತೇ ಹೇಳಲಾ?

ಮೂಲೆ ಕೋಣೆ:
ಈಗಲೇ. "ನಿನ್ನನ್ನು ಸರಿ ಮಾಡಿಸೋಕೆ" ಅನ್ನಬೇಡಿ. "ಬೆಳಿಗ್ಗೆ ಇಬ್ಬರಿಗೂ ಕಷ್ಟ ಆಗ್ತಿದೆ, ಯಾರನ್ನಾದರೂ ಕೇಳೋಣ" ಅನ್ನಿ. ಮತ್ತೆ ಅವಳು ಹೊರಗೆ ಬಂದ ತಕ್ಷಣ ಗೇಟಿನಲ್ಲೇ ವಿಚಾರಣೆ ಶುರು ಮಾಡಬೇಡಿ.